ಅರಿಸಿನದ ಬೆರಳು

ಚಿಕ್ಕವೆಂಕಟಮ್ಮ ರೇಷ್ಮೆಹುಳುಗಳ ಮೇಲೆ ಹಿಪ್ಪುನೇರಳೆ ಸೊಪ್ಪು ಹರಡುತ್ತಿದ್ದಳು. ಬಾಗಿಲಲ್ಲಿ ಕೂತಿದ್ದ ಸೊಸೆ ತನುಜ ಅಂಗೈಯನ್ನು ಹೊಸ್ತಿಲ ಕಲ್ಲಿಗೆ ಉಜ್ಜುತ್ತಿದ್ದಳು. ಎಂಟು ತಿಂಗಳ ಬಸುರಿ.

"ಅತ್ತೆ, ಅಂಗಾಲೂ ಕೆರೀತದೆ."

"ಹುಳಕ್ಕೆ ಸುಣ್ಣದ ಪುಡಿ ಉದುರಿಸ್ತೀಯಲ್ಲ, ಕೆರೀದೆ ಇರ್ತದಾ? ನನ್ನ ಕೈ ನೋಡು, ಮೊಸಳೆ ಚರ್ಮ. ಬಾ, ಅರಿಸಿನ ಹಚ್ತೀನಿ."

ಎಷ್ಟೋ ದಿನದಿಂದ ಇದೇ ಆಗಿತ್ತು. ಎಣ್ಣೆಯಲ್ಲಿ ಕಲಸಿದ ಅರಿಸಿನವನ್ನು ಕೈಗೆ, ಕಾಲಿಗೆ, ಚೆಂದಕ್ಕೆಂದು ಕೆನ್ನೆಗೂ ಬಳಿಯುತ್ತಿದ್ದಳು. "ಏನ್ ಕಳೆ ಬಂದೈತೆ ನಿನ್ ಸೊಸೆಗೆ, ಬಂಗಾರ ಆಗವ್ಳೆ" ಎಂದು ಬೀದಿಯ ಹೆಂಗಸರು ಅಂದರೆ ಅವಳಿಗೆ ಹೆಮ್ಮೆ. ತವರಿನವರು ಮಾಡಬೇಕಾದ್ದನ್ನೂ ತಾನೇ ಮಾಡುತ್ತಿದ್ದಾಳಲ್ಲ.

ತವರು ಪೆರೇಸಂದ್ರ. ಕೇಳದೆ ಕೆಂಪರಾಜುವನ್ನು ಮದುವೆಯಾದಳೆಂದು ತಾಯಿ ಮಗಳ ಫೋನನ್ನೂ ಎತ್ತುತ್ತಿರಲಿಲ್ಲ. ಬಾಣಂತನಕ್ಕೆ ಬಾ ಎಂದು ತನುಜ ಬರೆದ ಕಾಗದ, ಅಂಚೆಚೀಟಿ ಅಂಟಿಸಿಕೊಂಡು, ಕ್ಯಾಲೆಂಡರಿನ ಹಿಂದೆಯೇ ಉಳಿದಿತ್ತು. "ಮಗು ಹುಟ್ಲಿ, ಆಮೇಲೆ ಹಾಕಣ. ಮೊಮ್ಮಗು ಅಂದ್ರೆ ತಾನೇ ಓಡ್ ಬತ್ತಾಳೆ" ಎಂದು ಅಲ್ಲಿ ಸಿಕ್ಕಿಸಿದವಳು ಅತ್ತೆಯೇ.

ಅವತ್ತು ಆಶಾ ಕಾರ್ಯಕರ್ತೆ ಮಾಲಾ ಬಂದವಳು ತನುಜಳ ಮುಖವನ್ನು ಬೆಳಕಿಗೆ ತಿರುಗಿಸಿದಳು.

"ಏನಜ್ಜಿ, ಹಿಂಗೆ ಬಳಿದಿದೀರ?"

"ಕೆರೆತಕ್ಕೆ ಕಣಮ್ಮ. ತೊಳೆದ್ರೆ ಹೋಗ್ತದೆ."

"ತೊಳೀರಿ ಮತ್ತೆ."

ಚಿಕ್ಕವೆಂಕಟಮ್ಮ ಸೊಸೆಯ ಮುಖವನ್ನು ಸೋಪು ಹಾಕಿ ತೊಳೆದಳು. ನೀರು ಹಳದಿಯಾಗಿ ಹರಿಯಿತು, ಆಮೇಲೆ ಬರೀ ನೀರಾಯಿತು. ಕೆನ್ನೆ ಮಾತ್ರ ಹಳದಿಯಾಗೇ ಇತ್ತು. ಮಾಲಾ ತನುಜಳ ಕೆಳರೆಪ್ಪೆ ಎಳೆದು ತೋರಿಸಿದಳು.

"ಕಣ್ಣಿಗೂ ಹಚ್ಚಿದೀರಾ ಅಜ್ಜಿ?"

ಚಿಕ್ಕವೆಂಕಟಮ್ಮನ ಕೈಯಲ್ಲಿ ಚೊಂಬು ಹಾಗೇ ನಿಂತಿತು.

"ಮಗು ಒದೀತಿದೆಯೇನಮ್ಮ?" ಮಾಲಾ ಕೇಳಿದಳು.

ತನುಜ ಹೊಟ್ಟೆಯ ಮೇಲೆ ಕೈಯಿಟ್ಟು ಸುಮಾರು ಹೊತ್ತು ಕೂತಳು. "ನಿನ್ನೆ ಒದೀತಿತ್ತು ಅನ್ಸುತ್ತೆ."

ಚಿಂತಾಮಣಿಯ ಆಸ್ಪತ್ರೆಯಲ್ಲಿ ಡಾಕ್ಟರು ಕೆಂಪರಾಜುವನ್ನೂ ಅವನ ತಾಯಿಯನ್ನೂ ಹೊರಗೆ ಕರೆದು ಹೇಳಿದರು. ಕಾಮಾಲೆ, ಲಿವರ್ ಕೆಟ್ಟಿದೆ. ಮಗುವಿನ ಎದೆಬಡಿತ ಇಲ್ಲ. ತಾಯಿಗೆ ರಕ್ತ ಹೆಪ್ಪುಗಟ್ಟುತ್ತಿಲ್ಲ, ಬೆಂಗಳೂರಿಗೆ ಒಯ್ಯಿರಿ, ಆದರೆ ಭರವಸೆ ಕೊಡಲಾರೆ. ಕೆಂಪರಾಜು ಪೆರೇಸಂದ್ರಕ್ಕೆ ಮತ್ತೆ ಮತ್ತೆ ಫೋನ್ ಮಾಡಿದ. ಯಾರೂ ಎತ್ತಲಿಲ್ಲ.

ಆಂಬುಲೆನ್ಸಿಗೆ ಏರಿಸುವಾಗ ತನುಜ ಅತ್ತೆಯ ಕೈ ಹಿಡಿದಳು.

"ಅತ್ತೆ, ಆ ಕಾಗದ ಹಾಕ್ಬಿಡಿ. ಮಗು ಹುಟ್ಟೋ ಹೊತ್ತಿಗೆ ಅಮ್ಮ ಇರ್ಲಿ."

ಕೆಂಪರಾಜು ಮುಖ ಆ ಕಡೆ ತಿರುಗಿಸಿದ.

"ಹಾಕ್ತೀನಿ ಕಣಮ್ಮ, ಇವತ್ತೇ ಹಾಕ್ತೀನಿ."

ಆಂಬುಲೆನ್ಸು ಹೊರಟ ಮೇಲೆ ಚಿಕ್ಕವೆಂಕಟಮ್ಮ ತಮ್ಮೂರು ಕೆಂಚಾರ್ಲಹಳ್ಳಿಗೆ ಬಂದು ಕ್ಯಾಲೆಂಡರಿನ ಹಿಂದಿನಿಂದ ಕಾಗದ ತೆಗೆದಳು. ಅಂಚೆಡಬ್ಬಿಯ ಮುಂದೆ ನಿಂತಾಗ ಕಂಡಿತು: ಲಕೋಟೆಯ ಮೂಲೆಯಲ್ಲಿ ಅವಳದೇ ಹೆಬ್ಬೆಟ್ಟಿನ ಅರಿಸಿನ, ಲಗ್ನಪತ್ರಿಕೆಗೆ ಹಚ್ಚಿದ ಹಾಗೆ. ಸೆರಗಿನ ತುದಿಗೆ ಎಂಜಲು ಹಚ್ಚಿಕೊಂಡು ಉಜ್ಜಿದಳು. ಹೋಗಲಿಲ್ಲ, ಇನ್ನಷ್ಟು ಹರಡಿತು. ಮತ್ತೆ ಉಜ್ಜಿದಳು. ವಿಳಾಸದ ಮೊದಲ ಅಕ್ಷರ ಕದಡತೊಡಗಿದಾಗ ನಿಲ್ಲಿಸಿ, ಕಾಗದವನ್ನು ಡಬ್ಬಿಯೊಳಗೆ ಬಿಟ್ಟಳು.