ಸೊಂಟದಾಳದ ಪೈಪು

"ನೀರು ಎಲ್ಲೂ ಹೋಗಿಲ್ಲ ಅಕ್ಕಾ, ಬೀದೀಲಿದೆ. ಬಂದು ನೋಡು," ಎಂದ ತಮ್ಮ, ಬಾಗಿಲಲ್ಲೇ ನಿಂತು. ತಲೆಯಿಂದ ಕಾಲಿನವರೆಗೆ ಕೆಸರು.

ಅಕ್ಕನದು ಬಟ್ಟೆ ಒಗೆಯುವ ಅಂಗಡಿ. ಲಾಡ್ಜಿನ ಬಿಳಿ ಹಾಸುಗಳು ತೊಟ್ಟಿಯ ತುಂಬ ನೊರೆಯಲ್ಲಿ ನೆನೆಯುತ್ತಿದ್ದವು. ನಲ್ಲಿ ಮಾತ್ರ ಕೆಮ್ಮಿ ಕೆಮ್ಮಿ ಸುಮ್ಮನಾಗಿತ್ತು.

"ಪೈಪು ನೀನೇ ಒಡೆದೆಯೇನೋ?"

"ಅಗೆಯೋ ಮಷೀನ್ ನಡೆಸಿದ್ದು ನಾನು, ಬುದ್ಧಿ ಭಾವಂದು. 'ಈ ಪೈಪು ಹೂತವನೇ ನಾನು, ಸೊಂಟದಾಳದಲ್ಲಿದೆ. ಗುರುತು ಗಿರುತು ಏನೂ ಬೇಡ, ಮೊಣಕಾಲುದ್ದ ಕಣ್ಮುಚ್ಚಿ ಅಗಿ' ಅಂದ್ರು. ಅಗೆದೆ. ಈಗ ನೀರಿನ ಇಂಜಿನಿಯರ್ ಮುಂದೆ, ಇವನು ಹೇಳಿದ್ದಕ್ಕಿಂತ ಆಳ ಅಗೆದ ಅಂತಿದಾರೆ. ಇಂಜಿನಿಯರ್ ಹಾಗೇ ಬರ್ಕೊಂಡ್ರೆ ನಂಗಿನ್ಯಾರು ಮಷೀನ್ ಕೊಡ್ತಾರಕ್ಕಾ?"

ಗಂಡನೆಂಬ ಗುತ್ತಿಗೆದಾರ ಹೋದ ವರ್ಷ ಊಟಕ್ಕೆ ಕೂತು ಮೀಸೆ ತಿರುವಿದ್ದು ಅಕ್ಕನಿಗೆ ನೆನಪಿತ್ತು. "ಸೊಂಟದಾಳ ಅಂತ ಒಪ್ಪಿಸಿದೀನಿ. ಮಣ್ಣು ಮುಚ್ಚಿದ ಮೇಲೆ ಯಾವನು ಇಣುಕಿ ನೋಡ್ತಾನೆ?" ಆಮೇಲೆ ಸಿಕ್ಕಸಿಕ್ಕವರ ಮುಂದೆಲ್ಲ ಸೊಂಟದಾಳ, ಸೊಂಟದಾಳ ಎಂದು ಜಪ ಮಾಡಿದ. ಕಡೆಗೆ ಆ ಸುಳ್ಳನ್ನು ನಂಬಿದವನು ಇಡೀ ಊರಿನಲ್ಲಿ ಅವನೊಬ್ಬನೇ. ಈಗ ಅದೇ ಬೀದಿಯಲ್ಲಿ ಫೋನ್ ಕೇಬಲ್ಲಿಗೆ ನೆಲ ಅಗೆಯುವ ಗುತ್ತಿಗೆಯೂ ಈ ಮಹಾನುಭಾವನಿಗೇ ಸಿಕ್ಕಿತ್ತು.

ಸೋಪಿನ ಕೈ ಒರೆಸಿಕೊಳ್ಳುತ್ತಾ ಅಕ್ಕ ಬೀದಿಗಿಳಿದಳು. ಗುಂಡಿ ತುಂಬಿ ತುಳುಕುತ್ತಿತ್ತು. ದಡದ ಮೇಲೆ ಗಂಡ, ಹೊಳೆಯುವ ಬೂಟು ಒದ್ದೆಯಾಗದ ಹಾಗೆ ಇಟ್ಟಿಗೆಯ ಮೇಲೆ ನಿಂತು, ಇಂಜಿನಿಯರ್ ಕಿವಿ ಕಚ್ಚುತ್ತಿದ್ದ.

"ಕೆಲಸ ಬರದವನನ್ನ ಸಂಬಂಧಿ ಅಂತ ಇಟ್ಕೊಂಡೆ ಸರ್. ಅದೇ ನನ್ನ ತಪ್ಪು."

"ಹಾಗಾದ್ರೆ ಪೈಪ್ ಸೊಂಟದಾಳದಲ್ಲೇ ಇತ್ತು?"

"ನಾನು ಹಾಕಿದ ಪೈಪು ಸರ್! ನನಗೆ ಗೊತ್ತಿಲ್ವಾ?"

ಅಕ್ಕ ಸೀರೆ ಎತ್ತಿ ಕಟ್ಟಿಕೊಂಡು ಸೀದಾ ಗುಂಡಿಗಿಳಿದಳು, ಕಾಲಿನಿಂದ ತಡಕಿದಳು, ಒಡೆದ ಪೈಪಿನ ಮೇಲೇ ಹತ್ತಿ ನಿಂತಳು. ರಸ್ತೆಯ ಅಂಚು ಅವಳ ಮೊಣಕಾಲನ್ನೂ ಮುಟ್ಟಲಿಲ್ಲ.

"ಸರ್, ನನ್ನ ಸೊಂಟ ಎಲ್ಲಿದೆ ಅಂತ ನನಗೆ ಗೊತ್ತು. ನಮ್ಮನೆಯವರಿಗೆ ಮರೆತಿರಬೇಕು."

ಕೊಡ ಹಿಡಿದು ನಿಂತಿದ್ದ ನೆರೆಹೊರೆಯವರು ಗೊಳ್ಳೆಂದರು. ಗಂಡನ ಮುಖ ಕಪ್ಪಿಟ್ಟಿತು.

"ಅದು... ಲಾರಿ ಓಡಾಡಿ ಓಡಾಡಿ ನೆಲ ಸವೆದಿರುತ್ತೆ ಸರ್."

"ಕೇಳಿದ್ರಾ? ಕುಣಿಯಲಾರದವಳಿಗೆ ನೆಲ ಡೊಂಕಂತೆ, ಇವರಿಗೆ ನೆಲ ಗಿಡ್ಡ!" ಎಂದಳು ಅಕ್ಕ.

ಇಂಜಿನಿಯರ್ ತಾನು ಬರೆದುಕೊಂಡಿದ್ದನ್ನು ಹೊಡೆದುಹಾಕಿದ. "ಮಷೀನಿನವರದ್ದೇನೂ ತಪ್ಪಿಲ್ಲ ಬಿಡಿ. ನೀರು ನಿಲ್ಲಿಸೋನು ಬರೋವರೆಗೆ ಆ ಪೈಪಿನ ಬಾಯಿ ಯಾರಾದ್ರೂ ಒತ್ತಿ ಹಿಡೀರಿ."

ತಮ್ಮ ಮುಂದೆ ಬಂದ. ಅಕ್ಕ ಕಣ್ಣಲ್ಲೇ ತಡೆದಳು.

"ನೀನ್ಯಾಕೋ? ಹೂತವರೇ ಹಿಡೀತಾರೆ. ಇಳೀರಿ ರೀ, ಹೆದರ್ಬೇಡಿ. ನಿಮಗೇನು, ಸೊಂಟದಾಳ ತಾನೇ?"

ಗಂಡ ಅತ್ತ ಇತ್ತ ನೋಡಿ, ಒಂದು ಕಾಲಿಟ್ಟು ಜಾರಿ, ಗುಂಡಿಯೊಳಗೆ ಧೊಪ್ಪನೆ ಕೂತ. ಕಾಲಿನಿಂದ ಕಳಚಿದ ಬೂಟು ಕೆಸರುನೀರಿನಲ್ಲಿ ತೇಲುತ್ತಾ ಹೋಗಿ, ಅಕ್ಕನ ಅಂಗಡಿಯ ಮೆಟ್ಟಿಲಿಗೆ ತಾಗಿ ನಿಂತಿತು.