ಸತ್ತ ಬಾಯಿಗೆ ಹೊಯ್ದದ್ದು

ವಿಸ್ಕಿ ಪಾಕೀಟನ್ನು ಹಲ್ಲಿನಿಂದ ಹರಿದು ನಿಂಗಯ್ಯ ಸತ್ತ ತಮ್ಮನ ಬಾಯಿಗೆ ಬಗ್ಗಿಸುವಷ್ಟರಲ್ಲಿ ಕುಸುಮ ಅವನ ಕೈಗೆ ಬಾರಿಸಿದಳು. ಪಾಕೀಟು ಚಟ್ಟದ ಮೇಲೆ ಬಿತ್ತು. ಅವಳ ಗಂಡ ಶಾಂತಮೂರ್ತಿಯ ಗಲ್ಲದ ಮೇಲೆಲ್ಲ ವಿಸ್ಕಿ ಚೆಲ್ಲಿತು. ತಮಟೆ ನಿಂತಿತು.

“ಏನ್ ಕುಸುಮ ಇದು? ಸತ್ತೋರ್ಗೆ ಇಷ್ಟವಾದ್ದ ಒಂದ್ ತೊಟ್ಟು ಬುಡೋದು ನಮ್ಮಲ್ಲಿ ಇಲ್ವಾ?”

“ನಿಮ್ ತಮ್ಮ ಕುಡಿಯೋದ ಬುಟ್ಟು ಎಲ್ಡ್ ವರ್ಸಾಯ್ತು ಬಾವ. ಬುಡೋದಾದ್ರೆ ಕಾಪಿ ಬುಡಿ.”

“ಕುಡೀದೆ ಇದ್ರೆ ಮೋರಿಗ್ಯಾಕೆ ಬೀಳ್ತಿದ್ದ? ಎತ್ತುವಾಗ ಗಮ್ ಅಂತಿರ್ನಿಲ್ವಾ? ಎಲ್ರೂ ನೋಡವ್ರೆ!”

ನೋಡಿದ್ದರು, ಪಾಪ, ಎಲ್ಲರೂ ನೋಡಿದ್ದರು. ಬೆಳಿಗ್ಗೆ ರಾಮಾಪುರದ ರಸ್ತೆಯ ಮೋರಿಯಲ್ಲಿ ಹೆಣ ಸಿಕ್ಕಾಗ ತಲೆ ಒಡೆದಿತ್ತು, ಅಂಗಿಯೆಲ್ಲ ವಿಸ್ಕಿಯ ನಾತ. ಪೊಲೀಸರಿಗೆ ಹೇಳಿದರೆ ಕೊಯ್ದು ಹಾಕುತ್ತಾರೆ, ಬೇಗ ಮಣ್ಣು ಮಾಡೋಣ ಎಂದು ಓಡಾಡಿದವನು ನಿಂಗಯ್ಯನೇ. ವರ್ಷಗಟ್ಟಲೆ ಕುಡಿದು ಬೀದಿಯಲ್ಲಿ ಉರುಳಿದವನ ಹೆಣ ನೋಡಿ ಯಾರಿಗೆ ತಾನೇ ಅನುಮಾನ ಬಂದೀತು?

ಕುಸುಮಳಿಗೆ ಮಾತ್ರ ಬಂದಿತ್ತು. ನಿಂಗಯ್ಯ ಪೆಟ್ಟಿಗೆ ಅಂಗಡಿಯಲ್ಲಿ ಕದ್ದುಮುಚ್ಚಿ ವಿಸ್ಕಿ ಪಾಕೀಟು ಮಾರುತ್ತಿದ್ದ. ಅಬಕಾರಿಯವರಿಗೆ ಹೇಳಿ ಅದನ್ನು ಮುಚ್ಚಿಸಿದವನು ಈ ತಮ್ಮ. “ನಿನ್ನ ಸೀಳಾಕ್ತೀನಿ ಕಣ್ಲಾ” ಎಂದು ಅಣ್ಣ ಬೀದಿಯಲ್ಲಿ ಕೂಗಾಡಿ ವಾರವೂ ಆಗಿರಲಿಲ್ಲ.

*

ಕುಡಿಯುವ ಕಾಲದಲ್ಲಿ ಶಾಂತಮೂರ್ತಿ ಮನುಷ್ಯನಾಗಿರಲಿಲ್ಲ. ಕುಸುಮಳ ಮುಂದಿನ ಹಲ್ಲು ಹೋದದ್ದು ಅವನ ಮೊಣಕೈಯಿಂದಲೇ. ಕುಡಿತ ಬಿಟ್ಟ ಮೇಲೆ ಹನೂರಿನ ಗುರುಪಾದಸ್ವಾಮಿ ತನ್ನ ಸ್ಕೂಲ್ ವ್ಯಾನ್ ಓಡಿಸಲು ಕೊಟ್ಟ. ಆದರೆ ತಿಂಗಳಿಗೊಮ್ಮೆ ಕೊಳ್ಳೇಗಾಲದ ಲ್ಯಾಬಿನಲ್ಲಿ ಉಚ್ಚೆ ಪರೀಕ್ಷೆ ಆಗಲೇಬೇಕು ಎಂದ. ಶಾಂತಮೂರ್ತಿಗೆ ನಾಚಿಕೆ, ಹೆಂಡತಿಯನ್ನೂ ಕರೆದೊಯ್ಯುತ್ತಿದ್ದ.

“ಯಾರಾದ್ರೂ ಮೈಮೇಲೆ ಚೆಲ್ಬುಟ್ರೆ ಇದ್ರಲ್ಲಿ ಬಂದ್ಬುಡ್ತದಾ ಮೇಡಂ?” ಎಂದು ಒಮ್ಮೆ ಹೆದರಿ ಕೇಳಿದ.

ಲ್ಯಾಬಿನ ರೂಪ ನಕ್ಕಳು. “ಇಲ್ಲಣ್ಣ. ಕುಡಿದದ್ದನ್ನ ಜೀವ ಇರೋ ಈಲಿ, ಅಂದ್ರೆ ಲಿವರ್, ಅರಗಿಸ್ಬೇಕು. ಆಗ ಅದು ಒಂದು ಗುರುತು ಮಾಡಿ ಉಚ್ಚೆಗೆ ಬಿಡುತ್ತೆ. ನಾವು ಹುಡುಕೋದು ಆ ಗುರುತನ್ನ.”

ಬಸ್ಸಿನಲ್ಲಿ ಬರುವಾಗ ಅವನು, “ನನ್ ಈಲಿ ಈಗ ರಜಾದಲ್ಲದೆ ಕಣಮ್ಮಿ” ಎಂದು ಹೆಂಡತಿಯನ್ನು ನಗಿಸಿದ್ದ. ಹಲ್ಲಿಲ್ಲದ ಬಾಯಿ ಮುಚ್ಚಿಕೊಳ್ಳದೆ ಅವಳು ನಕ್ಕಿದ್ದಳು.

*

“ಎತ್ರಲಾ ಚಟ್ಟವ!” ನಿಂಗಯ್ಯ ಗುಡುಗಿದ.

ಕುಸುಮ ಅಡ್ಡ ನಿಂತಳು. ಅವನು ಅವಳ ತುರುಬು ಹಿಡಿದೆಳೆದು ನೆಲಕ್ಕೆ ಕೆಡವಿ ಮುಖಕ್ಕೆ ಒದ್ದ. ತುಟಿ ಒಡೆಯಿತು. ಅವಳು ರಕ್ತ ಉಗಿದು ಎದ್ದಳು.

“ಕೇಳ್ರಪ್ಪಾ! ಸತ್ತ ಬಾಯ್ಗೆ ಕೊಡ ಉಯ್ದ್ರೂ ಉಚ್ಚೆಗೆ ಇಳಿಯಾಕಿಲ್ಲ. ನನ್ ಗಂಡನ್ ಒಟ್ಟೇಲಿ ಸಾಯೋವಾಗಿನ ಉಚ್ಚೆ ಇನ್ನೂ ಅದೆ. ಅದ ತಗ್ದು ನೋಡ್ಲಿ. ಕುಡ್ದಿದ್ರೆ ಗುರುತಿರ್ತದೆ. ಇಲ್ದೆ ಓದ್ರೆ, ಬಡ್ದು ಸಾಯ್ಸಿ ಆಮೇಲೆ ಬಾಯ್ಗೆ ಉಯ್ದೋನು ಯಾರು ಅಂತ ನೀವೇ ಕೇಳಿ!”

ಸಾವಿಗೆ ಬಂದಿದ್ದ ಗುರುಪಾದಸ್ವಾಮಿ ಫೋನ್ ತೆಗೆದ. “ತಡೀರಿ, ಟೇಸನ್‌ಗೆ ಮಾಡ್ತೀನಿ. ಅವ್ಳು ಹೇಳೋದು ಸರಿಯಾಗೈತೆ.”

ನಿಂಗಯ್ಯನಿಗೆ ಅದೇನು ಮೆಟ್ಟಿಕೊಂಡಿತೋ! ಚಟ್ಟದ ಮೇಲೆ ಹಾರಿ ತಮ್ಮನ ಕಿಬ್ಬೊಟ್ಟೆಗೆ ಮಂಡಿಯೂರಿದ. ಎರಡೂ ಮುಷ್ಟಿಯಿಂದ ಒತ್ತಿದ, ಗುದ್ದಿದ, ಮತ್ತೆ ಒತ್ತಿದ. ಬೊಂಬು ಲಟಕ್ಕನೆ ಮುರಿಯಿತು. “ಬುಡ್ಲಾ, ಬುಡ್ಲಾ ಮೂರ್ತಿ” ಎಂದು ಹಲ್ಲು ಕಚ್ಚಿ ಹೆಣದೊಂದಿಗೆ ಮಾತಾಡುತ್ತಿದ್ದ. ಬಿಳಿ ಬಟ್ಟೆಯ ಮೇಲೆ ಒದ್ದೆ ಹರಡತೊಡಗಿತು. ಜನಕ್ಕೆ ಆಗ ಎಲ್ಲವೂ ಅರ್ಥವಾಯಿತು. ನಾಲ್ಕಾರು ಮಂದಿ ಅವನನ್ನು ಎಳೆದು ಕೆಡವಿ ಕೈಕಾಲು ಅದುಮಿ ಹಿಡಿದರು.

ಕುಸುಮ ಚಟ್ಟದ ಪಕ್ಕ ಕುಸಿದು ಕೂತಳು. ಒದ್ದೆಯಾದ ಬಟ್ಟೆಯನ್ನು ಮುದುರಿ ಬೊಗಸೆಯೊಳಗೆ ಬಿಗಿಯಾಗಿ ಹಿಡಿದುಕೊಂಡಳು. ಪೊಲೀಸ್ ಜೀಪು ಇನ್ನೂ ಬಂದಿರಲಿಲ್ಲ. ಬಳೆ ಒಡೆಯಲು ಬಂದ ಮುದುಕಿಯರು, “ಕೈ ಕೊಡವ್ವ” ಎಂದರು. ಅವಳು ಬೊಗಸೆ ಬಿಚ್ಚಲಿಲ್ಲ.