ನಾಲ್ಕು ಲಕ್ಷ ಎಂಬತ್ತು ಸಾವಿರದ ಗಿರಮಿಟ್

ನಾನು ಒಂದು ರೆಕಾರ್ಡು. ಏಳು ಇಂಚು ಅಗಲ, ಕಪ್ಪು ಮೈ, ನಡುವೆ ಒಂದು ತೂತು. ಎರಡು ಮಗ್ಗುಲಿಗೆ ಎರಡು ಹಾಡು. ಇಷ್ಟೇ ನನ್ನ ಆಸ್ತಿ. ಇದಕ್ಕೆ ನಾಲ್ಕು ಲಕ್ಷ ಎಂಬತ್ತು ಸಾವಿರ ರೂಪಾಯಿ ಕೊಟ್ಟ ಮನುಷ್ಯನೊಬ್ಬ ಬೆಂಗಳೂರಿನಲ್ಲಿದ್ದಾನೆ. ಕೊಂಡ ಮೇಲೆ ಹದಿನಾಲ್ಕು ತಿಂಗಳು ಅವನು ನನ್ನನ್ನು ಒಮ್ಮೆಯೂ ಕೇಳಲಿಲ್ಲ. ಅವನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಬರಬೇಕಾದರೂ ಎದುರಿಗಿರುವವನಲ್ಲಿ ಸ್ವಲ್ಪ ತೂಕವಿರಬೇಕು.

ನಾನು ಹುಟ್ಟಿದ್ದು ಎಪ್ಪತ್ತನಾಲ್ಕನೆಯ ಇಸವಿಯಲ್ಲಿ, ಮುಂಬಯಿಯ ಒಂದು ಕಾರ್ಖಾನೆಯಲ್ಲಿ. ಕಪ್ಪು ಕಣಕದ ಉಂಡೆಯಂತಿದ್ದ ನನ್ನನ್ನು ಕಾದ ಎರಡು ಅಚ್ಚುಗಳ ನಡುವೆ ಇಟ್ಟು ಒತ್ತಿದರು. ಒಂದು ರೊಟ್ಟಿ ಬೇಯುವಷ್ಟು ಹೊತ್ತೂ ಹಿಡಿಯಲಿಲ್ಲ. ಹೀಗೆ ಒಂದೇ ದಿನ ನಾವು ಮುನ್ನೂರು ಜನ ಹುಟ್ಟಿದೆವು.

ನನ್ನ ಮೈಮೇಲಿನ ಹಾಡು ಹುಬ್ಬಳ್ಳಿಯದು. ಹಳೇ ಹುಬ್ಬಳ್ಳಿಯ ದಾವಲಸಾಬರು ಮದುವೆ ಬ್ಯಾಂಡಿನ ಯಜಮಾನರು, ಟ್ರಂಪೆಟ್ ಊದುತ್ತಿದ್ದರು. ಅವರ ಗೆಳೆಯ ಬೆಂಜಮಿನ್ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್, ಸಂಜೆ ಕ್ಲಬ್ಬಿನಲ್ಲಿ ಡ್ರಮ್ಮು ಬಾರಿಸುವವನು. ಅವನು ಒಂದು ದಿನ ಯಾವುದೋ ಪರದೇಶದ ತಾಳವನ್ನು ಬಾರಿಸಿ ತೋರಿಸಿದ. ದಾವಲಸಾಬರು ಎರಡು ಸಲ ಕೇಳಿ, “ಇದು ನಮ್ಮ ಮೆರವಣಿಗಿ ಬಡಿತಾನ ಐತಿ. ಒಂದು ಕಾಲು ಎಡವಿದಂಗ ಹಾಕ್ಯಾರ, ಅಷ್ಟ” ಎಂದರು. ಆ ಎಡವುವ ಬಡಿತದ ಮೇಲೆ ಅವರು ಟ್ರಂಪೆಟ್ಟು ಕೂರಿಸಿದರು. ಹಾಡಲು ನಾಟಕ ಕಂಪನಿಯ ಚಂಪಾಬಾಯಿ ಬಂದರು. ಆಗ ಅವರಿಗೆ ಇಪ್ಪತ್ತಾರು.

ಹಾಡಿನ ಹೆಸರು ‘ಗಿರಮಿಟ್’. ಹುಬ್ಬಳ್ಳಿಯಲ್ಲಿ ಸಂಜೆಯಾದರೆ ಚುರಮುರಿಗೆ ಉಳ್ಳಾಗಡ್ಡಿ, ಖಾರ, ಹುಣಿಸೆಹುಳಿ ಕಲಸಿ ಕೊಡುತ್ತಾರಲ್ಲ, ಅದರ ಮೇಲಿನ ಹಾಡು. ‘ಉಳ್ಳಾಗಡ್ಡಿ ಹೆಚ್ಚಿ ಹಾಕೋ, ಕಣ್ಣೀರು ನಂದಲ್ಲೋ’ ಎಂದು ಶುರುವಾಗುತ್ತದೆ. ನಡುವೆ ದಾವಲಸಾಬರು ಅರ್ಧ ಮಾತ್ರೆ ತಡವಾಗಿ ಊದಿದರು. ಚಂಪಾಬಾಯಿಗೆ ನಗು ತಡೆಯಲಿಲ್ಲ. ಸ್ಟುಡಿಯೋದವರು ಕೊಟ್ಟ ಹೊತ್ತು ಮುಗಿದಿತ್ತು. ನಗು ಹಾಗೆಯೇ ಅಚ್ಚಿಗೆ ಹೋಯಿತು.

ನಾನು ಬಂದು ಸೇರಿದ್ದು ಹುಬ್ಬಳ್ಳಿ ಸ್ಟೇಷನ್ನಿನ ಎದುರು ಶಿವಪುತ್ರಪ್ಪನ ಚಹಾದಂಗಡಿಗೆ. ಅಲ್ಲಿ ಗಲ್ಲಾದ ಪಕ್ಕದಲ್ಲೊಂದು ರೆಕಾರ್ಡ್ ಪ್ಲೇಯರ್ ಇತ್ತು. ಯಾರೂ ಕದಿಯದಿರಲೆಂದು ಶಿವಪುತ್ರಪ್ಪ ನನ್ನ ಲೇಬಲ್ಲಿನ ಮೇಲೆ ನೀಲಿ ಶಾಯಿಯಲ್ಲಿ ತನ್ನ ಹೆಸರು ಬರೆದ. ದಿನಕ್ಕೆ ಇಪ್ಪತ್ತು ಸಲ ನನ್ನನ್ನು ಹಚ್ಚುತ್ತಿದ್ದರು. ಹಮಾಲರು, ಟಿಕೆಟ್ ಕಲೆಕ್ಟರುಗಳು, ಗದಗಿನ ಗಾಡಿಗೆ ಕಾಯುವವರು ಬಸಿಯ ಮೇಲೆ ಚಮಚದಿಂದ ತಾಳ ಹಾಕುತ್ತಿದ್ದರು. ನನ್ನ ಮೈಮೇಲೆ ಚಹಾ ಚೆಲ್ಲಿತು. ಮೂರು ಗೀರು ಬಿದ್ದವು. ಒಬ್ಬ ಸಪ್ಲಾಯರ್ ನನ್ನನ್ನು ಅಂಗಿಯ ತುದಿಯಿಂದ ಒರೆಸುತ್ತಿದ್ದ, ಆ ಅಂಗಿಯೋ ನನಗಿಂತ ಕೊಳಕು. ಅಂಥ ದಿನಗಳು ಮತ್ತೆ ಬರಲಿಲ್ಲ.

ಆಮೇಲೆ ಕ್ಯಾಸೆಟ್ಟು ಬಂತು. ಶಿವಪುತ್ರಪ್ಪ ನನ್ನನ್ನು ಮನೆಗೆ ಒಯ್ದ. ಅವನ ಹೆಂಡತಿ ನನ್ನನ್ನು ಉಪ್ಪಿನಕಾಯಿ ಭರಣಿಯ ಮೇಲೆ ಮುಚ್ಚಿದಳು. ಅಳತೆ ಸರಿಯಾಗಿ ಕೂತಿತು. ಹನ್ನೊಂದು ವರ್ಷ ನಾನು ಮುಚ್ಚಳವಾಗಿದ್ದೆ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಕಸ ಬೀಳದಂತೆ ಕಾದಿದ್ದೇನೆ. ಅವರು ಮನೆ ಬದಲಿಸಿದಾಗ ಹಳೆಯ ಪಾತ್ರೆಗಳ ಜೊತೆ ಗುಜರಿಗೆ ಹೋದೆ, ಅಲ್ಲಿ ಒಂದು ಗೋಣಿಚೀಲದಲ್ಲಿ ಎಷ್ಟು ವರ್ಷ ಬಿದ್ದಿದ್ದೆನೋ ಲೆಕ್ಕ ತಪ್ಪಿದೆ.

ಚೀಲದಿಂದ ನನ್ನನ್ನು ಎತ್ತಿದವನು ಕಿರೀಟಿ. ಬೆಂಗಳೂರಿನವನು. ಊರೂರು ತಿರುಗಿ ಗುಜರಿಗಳಲ್ಲಿ ಹಳೆಯ ರೆಕಾರ್ಡು ಹೆಕ್ಕಿ ಅಂತರ್ಜಾಲದ ಹರಾಜಿಗೆ ಹಾಕುವುದು ಅವನ ಕಸುಬು. ನನ್ನನ್ನೂ ಇನ್ನೂ ನಲವತ್ತು ರೆಕಾರ್ಡುಗಳನ್ನೂ ಸೇರಿಸಿ ಇನ್ನೂರು ರೂಪಾಯಿಗೆ ತೆಗೆದುಕೊಂಡ. ಮನೆಗೆ ಹೋಗಿ ಸೂಜಿ ಇಟ್ಟು ಕೇಳಿದ. ಅವನ ಕಣ್ಣು ಅರಳಿತು. ಹಾಡಿಗಲ್ಲ ಎಂಬುದು ಆಮೇಲೆ ತಿಳಿಯಿತು.

ಅವನು ನನ್ನ ಫೋಟೋ ತೆಗೆದು, ನಲವತ್ತು ಸೆಕೆಂಡಿನ ತುಣುಕು ಹಾಕಿ, ಕೆಳಗೆ ಬರೆದ: ‘ಉತ್ತರ ಕರ್ನಾಟಕದ ಕಳೆದುಹೋದ ಫಂಕ್. ಜಗತ್ತಿನಲ್ಲಿ ಉಳಿದಿರುವುದು ಇದೊಂದೇ ಪ್ರತಿ. ಎರಡನೆಯ ನಿಮಿಷದಲ್ಲಿ ಗಾಯಕಿಯ ಉನ್ಮಾದದ ನಗು. ಈ ಹಾಡು ಹಾಡಿದ ಆರು ತಿಂಗಳಿಗೆ ಆಕೆ ಕಣ್ಮರೆಯಾದಳು.’ ನನ್ನ ಮೈಯ ಉಪ್ಪಿನಕಾಯಿ ವಾಸನೆಗೆ ‘ಆ ಕಾಲದ ವಿಶಿಷ್ಟ ಪರಿಮಳ’ ಎಂದು ಬರೆದ. ಫಂಕ್ ಎಂಬ ಆ ಅಮೆರಿಕದ ಸಂಗೀತದ ಹೆಸರನ್ನು ದಾವಲಸಾಬರು ಜನ್ಮದಲ್ಲಿ ಕೇಳಿರಲಿಲ್ಲ.

ಜೊತೆಗಿದ್ದ ಗೆಳೆಯ ಕೇಳಿದ, “ಆಯಮ್ಮ ನಿಜವಾಗ್ಲೂ ಕಣ್ಮರೆ ಆದ್ರಾ?”

“ಯಾರೂ ಹುಡುಕ್ಕೊಂಡು ಹೋಗಿಲ್ಲ. ಅಂದ್ಮೇಲೆ ಕಣ್ಮರೆ ಆದಂಗೇ ತಾನೆ” ಎಂದ ಕಿರೀಟಿ.

ಹರಾಜಿನ ಕೊನೆಯ ಹನ್ನೊಂದು ನಿಮಿಷ ಇಬ್ಬರೇ ಉಳಿದರು. ಒಬ್ಬ ಜಯನಗರದ ಹಲ್ಲಿನ ಡಾಕ್ಟರ್ ಪ್ರಮಥ್. ಇನ್ನೊಬ್ಬ ಅವನ ಗೆಳೆಯನೇ, ವಕೀಲ ಶ್ರೀವತ್ಸ. ಇಬ್ಬರೂ ಸುಳ್ಳು ಹೆಸರು ಇಟ್ಟುಕೊಂಡಿದ್ದರು, ಹಾಗಾಗಿ ಒಬ್ಬರಿಗೊಬ್ಬರು ಗುರುತು ಸಿಗಲಿಲ್ಲ. ಎರಡು ಬೀದಿ ಆಚೆ ಈಚೆ ಕೂತು ಒಬ್ಬರ ಮೇಲೊಬ್ಬರು ಸಾವಿರ ಸಾವಿರ ಏರಿಸಿದರು. ಆಗ ಡಾಕ್ಟರ ಕುರ್ಚಿಯಲ್ಲಿ ಮೇಷ್ಟ್ರಂತಿದ್ದ ಒಬ್ಬ ಹಿರಿಯರು ಬಾಯಿ ತೆರೆದು, ದವಡೆಗೆ ಹತ್ತಿ ಇಟ್ಟುಕೊಂಡು ಮಲಗಿದ್ದರಂತೆ. ಹಲ್ಲು ಅರ್ಧ ಕೊರೆದಾಗಿತ್ತು. ಡಾಕ್ಟರು ಕೈಗವಸು ಹಾಕಿಕೊಂಡೇ ಫೋನು ಒತ್ತುತ್ತಿದ್ದ. ಅವರು ಗಂಟಲಿನಿಂದ ಏನೋ ಸದ್ದು ಮಾಡಿದರೆ, “ಎರಡೇ ನಿಮಿಷ ಸಾರ್, ನೋವಿರಲ್ಲ” ಎನ್ನುತ್ತಿದ್ದ. ಇದನ್ನು ಅವನೇ ಹೆಮ್ಮೆಯಿಂದ ಹೇಳುವುದನ್ನು ಎಷ್ಟೋ ಸಲ ಕೇಳಿದ್ದೇನೆ. ಆ ಹಲ್ಲು ಏನಾಯಿತೆಂದು ಅವನು ಒಮ್ಮೆಯೂ ಹೇಳಲಿಲ್ಲ.

ಗೆದ್ದವನು ಡಾಕ್ಟರು, ಅವನ ಮನೆಗೆ ಬಂದೆ. ಮಹಡಿಯ ಮೇಲೆ ಒಂದು ತಣ್ಣನೆಯ ಕೋಣೆ. ಗೋಡೆ ತುಂಬ ಮೂರು ಸಾವಿರ ರೆಕಾರ್ಡು. ನನ್ನನ್ನು ಒಂದರ ಮೇಲೊಂದು ಮೂರು ಪ್ಲಾಸ್ಟಿಕ್ಕು ಕವರಿನಲ್ಲಿ ಹಾಕಿ, ಮೇಲೆ ಅಂಟು ಹಚ್ಚಿ ನಿಲ್ಲಿಸಿದ. ಹಾಡಿಸಿದರೆ ಗೆರೆ ಸವೆಯುತ್ತದೆ, ಗೆರೆ ಸವೆದರೆ ಬೆಲೆ ಇಳಿಯುತ್ತದೆ ಎಂಬುದು ಅವನ ವಾದ. ನನ್ನ ಪಕ್ಕದಲ್ಲಿ ಆಫ್ರಿಕದ ಒಂದು ರೆಕಾರ್ಡಿತ್ತು. ಬಂದು ಒಂಬತ್ತು ವರ್ಷವಾಗಿತ್ತಂತೆ, ಅಂಟೂ ಬಿಚ್ಚಿರಲಿಲ್ಲ.

ಶನಿವಾರ ಸಂಜೆ ಶ್ರೀವತ್ಸನೂ ಇನ್ನೂ ಐದಾರು ಜನರೂ ಸೇರುತ್ತಿದ್ದರು. ಭೂತಗನ್ನಡಿ ಹಿಡಿದು ನನ್ನ ಅಂಚಿನ ನಂಬರು ಓದುತ್ತಿದ್ದರು. ಲೇಬಲ್ಲಿನ ಕೆಂಪು ಕುಂಕುಮದ ಕೆಂಪೋ ಇಟ್ಟಿಗೆಯ ಕೆಂಪೋ ಎಂದು ಅರ್ಧ ಗಂಟೆ ಜಗಳವಾಡುತ್ತಿದ್ದರು. ಶಿವಪುತ್ರಪ್ಪನ ಹೆಸರು ನೋಡಿ, “ಈ ಪೆನ್ನಿನ ಗುರುತು ಇಲ್ದಿದ್ರೆ ಇನ್ನೂ ಒಂದು ಲಕ್ಷ ಹೋಗ್ತಿತ್ತು” ಎಂದು ತಲೆ ಅಲ್ಲಾಡಿಸುತ್ತಿದ್ದರು. ಅಷ್ಟು ಜನರಲ್ಲಿ ಒಬ್ಬನ ಕಾಲೂ ತಾಳ ಹಾಕಿದ್ದನ್ನು ನಾನು ಕಾಣೆ. ತುಪ್ಪದ ಡಬ್ಬಿಯ ಮೇಲಿನ ಚೀಟಿಯನ್ನು ನೆಕ್ಕಿ ಊಟ ಮುಗಿಸುವ ಜಾತಿ.

ಒಂದು ದಿನ ಡಾಕ್ಟರಿಗೆ ಯಾರಿಂದಲೋ ಸುದ್ದಿ ಬಂತು, ಚಂಪಾಬಾಯಿ ಬದುಕಿದ್ದಾರೆ, ಗದಗಿನಲ್ಲಿದ್ದಾರೆ ಎಂದು. ಅವನಿಗೆ ಖುಷಿಯಾಯಿತು. ಹಾಡಿದವರ ಸಹಿ ಬಿದ್ದರೆ ಬೆಲೆ ಇನ್ನೂ ಏರುತ್ತದೆ. ರೈಲಿನ ಟಿಕೆಟ್ಟು ಕಳಿಸಿದ.

ಶನಿವಾರ ಅವರು ಬಂದರು. ಎಪ್ಪತ್ತಾರು ವರ್ಷ, ಇಳಕಲ್ ಸೀರೆ, ಕೈಯಲ್ಲೊಂದು ಬಟ್ಟೆಯ ಚೀಲ. ಮಂಡಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿದರು. ಹಿಂದೆ ಡಾಕ್ಟರ ಹೆಂಡತಿ ಮೈಥಿಲಿ ಚಹಾ ತಂದಳು. ಆ ಕೋಣೆಯೊಳಗೆ ಚಹಾ ತರುವುದು ನಿಷಿದ್ಧ. ಅವಳು ತಂದಳು.

ಡಾಕ್ಟರು ಕೈಗವಸು ಹಾಕಿಕೊಂಡು ನನ್ನನ್ನು ಕವರುಗಳ ಸಮೇತ ಹೊರತೆಗೆದ. ಚಂಪಾಬಾಯಿ ಕಣ್ಣು ಕಿರಿದು ಮಾಡಿ ತಮ್ಮ ಹೆಸರು ಓದಿದರು.

“ನನ್ನ ಕಡೆ ಒಂದೂ ಉಳದಿಲ್ಲರಿ. ಆವಾಗ ಒಂದು ಸಲ ಕೇಳಿದ್ದು, ದಾವಲಸಾಬರ ಮನ್ಯಾಗ. ಒಂದು ಸಲ ಹಚ್ಚರಿ, ಕೇಳೂಣು.”

ಡಾಕ್ಟರು ನಕ್ಕ. “ಅಮ್ಮಾ, ಇದನ್ನ ಪ್ಲೇ ಮಾಡೋ ಹಾಗಿಲ್ಲ. ಸೂಜಿ ತಾಗಿದ್ರೆ ಹಾಳಾಗುತ್ತೆ.”

“ಮತ್ತ ಹಚ್ಚಾಕಲ್ಲೇನ್ರಿ ಇದನ್ನ ಮಾಡಿದ್ದು?”

“ಇಂಟರ್ನೆಟ್ಟಲ್ಲಿ ಒಂದು ತುಣುಕು ಇದೆ, ಕೇಳಿಸ್ತೀನಿ” ಎಂದು ಅವನು ಫೋನು ಒತ್ತಿದ. ನಲವತ್ತು ಸೆಕೆಂಡು ಕೀರಲು ದನಿ ಬಂದು ನಿಂತಿತು. ಅವರು ಇನ್ನೂ ಕಿವಿಗೊಟ್ಟುಕೊಂಡೇ ಇದ್ದರು.

“ಮುಂದ?”

“ಅಷ್ಟೇ ಇರೋದು. ಇಲ್ಲಿ ಕವರ್ ಮೇಲೆ ಒಂದು ಸಹಿ ಹಾಕ್ಬಿಡಿ.”

ಮೈಥಿಲಿ ಬಾಗಿಲ ಬಳಿ ನಿಂತು, “ಒಂದೇ ಸಲ ಹಾಕಿ, ಏನಾಗುತ್ತೆ?” ಎಂದಳು. ಅವನು ತಿರುಗಿಯೂ ನೋಡಲಿಲ್ಲ. ಶ್ರೀವತ್ಸ ಅವಳಿಗೆ ಬುದ್ಧಿ ಹೇಳುವವನಂತೆ, “ಪ್ರಪಂಚದಲ್ಲಿ ಇರೋದೇ ಇದೊಂದು, ಮೇಡಂ” ಎಂದ.

ಪೆನ್ನು ಹಿಡಿದಿದ್ದ ಚಂಪಾಬಾಯಿ ತಲೆಯೆತ್ತಿದರು.

“ಒಂದ? ಯಾರು ಹೇಳಿದ್ರು ನಿಮಗ? ದಾವಲಸಾಬರ ಮಗ ಮೌಲಾ ಅದಾನಲ್ಲ, ಹಳೇ ಹುಬ್ಬಳ್ಳ್ಯಾಗ. ಅವರ ಮನ್ಯಾಗ ಡೊಳ್ಳಿನ ಕೆಳಗ ಗಂಟು ಕಟ್ಟಿ ಇಟ್ಟಾರ. ಆವಾಗ ಮಾರಾಟ ಆಗಲಿಲ್ಲರಿ. ಇನ್ನೂರಕ್ಕ ಕಡಿಮಿ ಇರಾಕಿಲ್ಲ.”

ಡಾಕ್ಟರ ಮುಖ ಅರವಳಿಕೆಯ ಸೂಜಿ ಚುಚ್ಚಿಸಿಕೊಂಡವನ ಮುಖದಂತೆ ಒಂದು ಕಡೆ ಜೋತುಬಿತ್ತು. ಶ್ರೀವತ್ಸ ಗಡಿಯಾರ ನೋಡಿ, ಮನೆಯಲ್ಲಿ ನೆಂಟರು ಬಂದಿದ್ದಾರೆ ಎಂದು ಎದ್ದ. ಹಿಂದೆಯೇ ಇನ್ನೊಬ್ಬನಿಗೂ ನೆಂಟರು ಬಂದರು. ಹತ್ತು ನಿಮಿಷದಲ್ಲಿ ಕೋಣೆ ಖಾಲಿ. ಚಂಪಾಬಾಯಿ ಸಹಿ ಹಾಕದೆ ಪೆನ್ನನ್ನು ಮೇಜಿನ ಮೇಲಿಟ್ಟು, “ನನ್ನ ಹಾಡು ನನಗ ಕೇಳಸಾಕ ಒಲ್ಲೆ ಅಂತೀರಿ, ನನ್ನ ಸಹಿ ತಗೊಂಡು ಏನು ಮಾಡ್ತೀರಿ” ಎಂದರು. ಸಿಟ್ಟಿನಿಂದ ಹೇಳಲಿಲ್ಲ, ನಿಜವಾಗಿಯೂ ತಿಳಿಯದೆ ಕೇಳಿದಂತಿತ್ತು. ಮೈಥಿಲಿ ಅವರನ್ನು ಕೈಹಿಡಿದು ಇಳಿಸಿದಳು, ರೈಲಿಗೆ ಬುತ್ತಿ ಕಟ್ಟಿಕೊಟ್ಟಳು, ಫೋನ್ ನಂಬರು ಬರೆದುಕೊಂಡಳು.

ಮರುದಿನ ಬೆಳಿಗ್ಗೆ ಹುಬ್ಬಳ್ಳಿಯ ಮೌಲಾನ ಮನೆಯ ಮುಂದೆ ಬೆಂಗಳೂರಿನ ನಾಲ್ಕು ಕಾರು ನಿಂತಿದ್ದವಂತೆ. ಆಗಲೇ ರೆಕಾರ್ಡಿನ ಗಂಟಿನ ಮೇಲೆ ವಕೀಲ ಶ್ರೀವತ್ಸ ಕೂತುಬಿಟ್ಟಿದ್ದನಂತೆ, ಅಕ್ಷರಶಃ. ಮೌಲಾ ಜಾಣ. ಒಬ್ಬನಿಗೇ ಎಲ್ಲ ಕೊಡಲಿಲ್ಲ. ಮೊದಲು ಚಂಪಾಬಾಯಿಗೆಂದು ಎರಡು ತೆಗೆದಿಟ್ಟು, ಉಳಿದ ನನ್ನ ಅಣ್ಣತಮ್ಮಂದಿರನ್ನು ಎಲ್ಲರಿಗೂ ಹಂಚಿ ಮಾರಿ ಹೊಸ ಡೊಳ್ಳು, ಹೊಸ ಸಮವಸ್ತ್ರ ಕೊಂಡ. ಕೊಂಡವರು ಒಬ್ಬರಿಗಿಂತ ಒಬ್ಬರು ಮೊದಲು ಮಾರಬೇಕೆಂದು ಹರಾಜಿಗೆ ನುಗ್ಗಿದರು. ಎರಡೇ ವಾರದಲ್ಲಿ ನನ್ನ ಬೆಲೆ ಆರುನೂರು ರೂಪಾಯಿಗೆ ಬಂತು. ಕೆಲವರ ಹತ್ತಿರ ಆರುನೂರಕ್ಕೂ ಯಾರೂ ಕೇಳಲಿಲ್ಲ.

ಆಗ ಡಾಕ್ಟರು ಮೂರು ಕವರನ್ನೂ ಹರಿದು ನನ್ನನ್ನು ಪ್ಲೇಯರ್ ಮೇಲೆ ಹಾಕಿದ. ಕೈಗವಸಿರಲಿಲ್ಲ. ಕಿರೀಟಿಯ ಮನೆ ಬಿಟ್ಟ ಮೇಲೆ ಮೊದಲ ಸಲ ನನ್ನ ಗೆರೆಗೆ ಸೂಜಿ ಬಿತ್ತು. ಬೆಂಜಮಿನ್ನನ ಬಡಿತ ಎಡವಿ ಎದ್ದು ನಡೆಯಿತು. ಮೈಥಿಲಿ ಕೆಳಗಿನಿಂದ ಒದ್ದೆ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು. ಅವಳ ಪಾದ ತಾನಾಗಿ ನೆಲ ತಟ್ಟುತ್ತಿತ್ತು.

“ಎಷ್ಟು ಚೆನ್ನಾಗಿದೇರಿ ಇದು.”

“ಆರುನೂರು ರೂಪಾಯಿ ಆಗೋಯ್ತು” ಎಂದ ಅವನು.

“ನಾನು ಹಾಡಿನ ವಿಷಯ ಹೇಳಿದ್ದು.”

ಅವನು ಇನ್ನೂ ಸ್ವಲ್ಪ ಹೊತ್ತು ಕೇಳಿದ. ಹುಬ್ಬು ಗಂಟಿಕ್ಕಿತು. “ಗಲಾಟೆ ಜಾಸ್ತಿ. ನಂಗೆ ಹಿಡಿಸ್ಲಿಲ್ಲ” ಎಂದು ಎದ್ದು ಹೋದ. ನಾನು ಇನ್ನೂ ತಿರುಗುತ್ತಿದ್ದೆ.

ಅಂದಿನಿಂದ ನಾನು ಮೈಥಿಲಿಯ ಪಾಲಿಗೆ ಬಂದೆ. ಅವಳು ಹಳೆಯ ಚಿಕ್ಕ ಪ್ಲೇಯರ್ ಒಂದನ್ನು ಅಡುಗೆಮನೆಯ ಕಿಟಕಿಗೆ ತಂದಿಟ್ಟುಕೊಂಡಳು. ಒಂದು ಬೆಳಿಗ್ಗೆ ಹನ್ನೊಂದಕ್ಕೆ ಗದಗಿಗೆ ಫೋನು ಮಾಡಿದಳು.

“ಮೌಲಾ ಎರಡು ರೆಕಾರ್ಡು ಕೊಟ್ಟು ಹೋದನವ್ವ” ಎಂದರು ಚಂಪಾಬಾಯಿ. “ಆದರ ಹಚ್ಚಾಕ ಮಷೀನು ಇಲ್ಲ. ದೇವರ ಫೋಟೋದ ಬಾಜೂಕ ಇಟ್ಟೀನಿ.”

“ಫೋನ್ ಕಿವಿಗೆ ಹಿಡ್ಕೊಳ್ಳಿ ಅಮ್ಮ” ಎಂದು ಮೈಥಿಲಿ ನನ್ನನ್ನು ಹಾಕಿ ಫೋನನ್ನು ಸ್ಪೀಕರಿನ ಹತ್ತಿರ ಹಿಡಿದಳು. ಮೂರು ನಿಮಿಷ ಅವಳ ಕೈ ಅಲುಗಲಿಲ್ಲ. ಹಾಡು ಮುಗಿಯಿತು. ಆ ಕಡೆಯಿಂದ ಮೂಗು ಸೇದಿದ ಸದ್ದು ಬಂತು.

“ಬೆಂಜಮಿನ್ನ ಭಾಳ ಜೋರ ಬಾರಿಸ್ಯಾನ” ಎಂದರು. “ನಿಮ್ಮ ಯಜಮಾನರು ಕೇಳಿದ್ರೇನು?”

“ಕೇಳಿದ್ರು ಅಮ್ಮ. ಅವ್ರಿಗೆ ಹಿಡಿಸ್ಲಿಲ್ವಂತೆ.”

“ಇರಲಿ ಬಿಡವ್ವ. ಹಿಡಸಲಿಲ್ಲ ಅನ್ನಾಕಾದರೂ ಕೇಳ್ಯಾರಲ್ಲ.”

ಅವರಷ್ಟು ದೊಡ್ಡ ಮನಸ್ಸು ನನಗಿಲ್ಲ. ನನಗೀಗ ಐವತ್ತು ದಾಟಿದೆ. ಮೈಥಿಲಿ ವಾರಕ್ಕೆರಡು ಸಲ ಹಚ್ಚುತ್ತಾಳೆ, ಪ್ರತಿ ಸಲ ಸೂಜಿ ನನ್ನಿಂದ ಒಂದಿಷ್ಟು ಕೆರೆದುಕೊಂಡು ಹೋಗುತ್ತದೆ. ಇನ್ನು ಕೆಲವು ವರ್ಷಕ್ಕೆ ಬರೀ ಗೊರಗೊರ ಸದ್ದು ಉಳಿಯುತ್ತದೆ. ಆಗಲಿ. ಮಹಡಿಯ ಮೇಲೆ ಅವನು ಮೊನ್ನೆ ಇನ್ನೊಂದು ಹರಾಜು ಗೆದ್ದ. ಆ ಬಡಪಾಯಿ ಎಲ್ಲಿಂದ ಬಂತೋ, ಅದರ ಮೇಲೆ ಯಾರು ಏನು ಹಾಡಿದ್ದಾರೋ ನನಗೆ ಗೊತ್ತಿಲ್ಲ. ಅವನಿಗೂ ಗೊತ್ತಿಲ್ಲ.